ಬೀದಿಯ ಗಡಿಯಾರಗಳೆಲ್ಲ ಹಿಂದೆ ಬಿದ್ದಾಗ

ಆ ಬೀದಿಯಲ್ಲಿ ಎಲ್ಲರಿಗೂ ತಡವಾಗತೊಡಗಿತ್ತು. ಮಕ್ಕಳು ಶಾಲೆ ಮುಟ್ಟುವಷ್ಟರಲ್ಲಿ ಗೇಟು ಹಾಕಿರುತ್ತಿತ್ತು. ಕೆಲಸಕ್ಕೆ ಹೋಗುವವರ ಬಸ್ಸು ಕಣ್ಣೆದುರೇ ಹೊರಟುಹೋಗುತ್ತಿತ್ತು. ಮೊದಮೊದಲು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಗೋಡೆ ಗಡಿಯಾರ ಇಳಿಸಿ, ಕಂಕುಳಲ್ಲಿ ಇಟ್ಟುಕೊಂಡು ಒಂದೇ ಅಂಗಡಿಗೆ ಬಂದರು. ಅಷ್ಟೂ ಗಡಿಯಾರಗಳನ್ನು ರಿಪೇರಿ ಮಾಡಿದ್ದವಳು ಅಲ್ಲಿದ್ದಳು.

ಅವಳನ್ನು ಎಲ್ಲರೂ ಗಡಿಯಾರದಕ್ಕ ಎನ್ನುತ್ತಿದ್ದರು. ಅಪ್ಪನಿಂದ ಬಂದ ಅಂಗಡಿ, ಅಪ್ಪನಿಂದಲೇ ಬಂದ ಕಿವಿ. ಗಡಿಯಾರದ ಸದ್ದು ಕೇಳಿ, ಲೋಲಕದ ಕೆಳಗಿನ ತಿರುಪನ್ನು ತುಸುವೇ ತಿರುಗಿಸಿ, ಒಂದು ದಿನ ಗೋಡೆಯಲ್ಲಿ ಬಿಟ್ಟು, ಮತ್ತೆ ಕೇಳಿ ಕೊಡುತ್ತಿದ್ದಳು. ಇಷ್ಟು ವರ್ಷ ಆ ಕಿವಿ ಮೋಸ ಮಾಡಿರಲಿಲ್ಲ.

"ಅಕ್ಕಾ, ಇದು ದಿನಾ ಹಿಂದೆ ಬೀಳ್ತಿದೆ" ಎಂದಳು ಎದುರುಮನೆಯವಳು.

"ಹಿಂದೆನಾ? ನೀನೇ ಕೇಳು. ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಓಡ್ತಿದೆ."

ಅವಳಿಗೆ ಹಾಗೇ ಕೇಳುತ್ತಿತ್ತು. ಕೆಲವು ತಿಂಗಳಿಂದ ಗೋಡೆಯ ಮೇಲಿನ ಗಡಿಯಾರಗಳೆಲ್ಲ ಒಳಗೊಳಗೇ ಮಾತಾಡಿಕೊಂಡು, ಅವಳೊಬ್ಬಳನ್ನು ಬಿಟ್ಟು ಮುಂದೆ ಹೋಗುತ್ತಿದ್ದವು. ಆ ಓಟ ತಗ್ಗಿಸಲೆಂದು ಅವಳು ಒಂದೊಂದರ ತಿರುಪನ್ನೂ ತಿರುಗಿಸಿ ನಿಧಾನ ಮಾಡಿ ಕೊಡುತ್ತಿದ್ದಳು. ತಿರುಪುಳಿ ಎತ್ತಿಕೊಂಡರೆ ಮಧ್ಯಾಹ್ನ, ಕೆಳಗಿಟ್ಟರೆ ಸಂಜೆ. ಸುಡುವ ಬಿಸಿಲಲ್ಲೂ ಬೆರಳು ತಣ್ಣಗೆ. ಬಾಚಣಿಗೆ ತುಂಬ ಕೂದಲು. ಕನ್ನಡಿಯಲ್ಲಿ ಅವಳದೇ ಸೀರೆಯುಟ್ಟ ಯಾರೋ ಒಬ್ಬಳು, ಊದಿದ ಮುಖದಿಂದ ಅವಳನ್ನೇ ನೋಡುತ್ತಿದ್ದಳು.

ಗಂಡ ಬಸ್ ಡ್ರೈವರ್. "ನಿನ್ನ ಗಡಿಯಾರ ನಂಬಿ ಮೊದಲ ಟ್ರಿಪ್ಪೇ ತಪ್ಪಿಹೋಯ್ತು. ಡಿಪೋದಲ್ಲಿ ಚೆನ್ನಾಗಿ ಮಂಗಳಾರತಿ ಆಯ್ತು" ಎಂದು ಗೊಣಗಿದ.

ವಾಚಿಗೆ ಸೆಲ್ ಹಾಕಿಸಲು ಬಂದ ಪಕ್ಕದ ಮನೆಯ ನರ್ಸು, ಬೇಸಿಗೆಯಲ್ಲಿ ಶಾಲು ಹೊದ್ದು ಕೂತವಳನ್ನು ನೋಡಿ ಸುಮ್ಮನಿರಲಿಲ್ಲ. ಆಸ್ಪತ್ರೆಗೆ ಕರೆದೊಯ್ದಳು. ರಕ್ತ ಪರೀಕ್ಷೆಯಾಯಿತು.

"ಕುತ್ತಿಗೆಯಲ್ಲಿ ಚಿಟ್ಟೆಯ ಆಕಾರದ ಥೈರಾಯ್ಡ್ ಗ್ರಂಥಿ ಇರುತ್ತೆ ಅಕ್ಕ. ಅದು ಸೋತಿದೆ. ಅದಕ್ಕೇ ಮೈ, ಮನಸ್ಸು ಎಲ್ಲ ನಿಧಾನ. ಅದು ತಯಾರಿಸಬೇಕಾದ ಹಾರ್ಮೋನನ್ನೇ ಈ ಮಾತ್ರೆಯಲ್ಲಿ ಕೊಡ್ತಾರೆ. ದಿನಕ್ಕೆ ಒಂದೇ" ಎಂದು ನರ್ಸು ಬಿಡಿಸಿ ಹೇಳಿದಳು.

ಮೂರು ವಾರ ಕಳೆಯಿತು. ಗಡಿಯಾರಗಳು ಓಡುತ್ತಲೇ ಇದ್ದವು.

"ಸಾಸಿವೆ ಕಾಳಿನಷ್ಟು ಮಾತ್ರೆ ಏನು ಕಡಿದು ಗುಡ್ಡೆ ಹಾಕುತ್ತೆ? ಬಿಸಾಕು" ಎಂದ ಗಂಡ.

ಅವಳು ಬಿಸಾಡಲಿಲ್ಲ. ಒಂದು ಸಾಲದಿದ್ದರೆ ಎರಡು ಎಂದುಕೊಂಡು, ಯಾರಿಗೂ ಹೇಳದೆ ದಿನಾ ಎರಡೆರಡು ನುಂಗತೊಡಗಿದಳು.

ಹಾಗೆ ನುಂಗತೊಡಗಿದ ಎರಡನೇ ವಾರದ ಒಂದು ಮಧ್ಯಾಹ್ನ, ಅಂಗಡಿಯಲ್ಲಿ ಒಬ್ಬಳೇ ಇದ್ದಾಗ, ಗಡಿಯಾರಗಳು ಸೋಲತೊಡಗಿದವು. ಟಿಕ್. ಆಮೇಲೆ ಏನೂ ಇಲ್ಲ. ಬಹಳ ಹೊತ್ತಾದ ಮೇಲೆ ಎಂಬಂತೆ ಇನ್ನೊಂದು ಟಿಕ್. ಲೋಲಕ ಒಂದು ಪಕ್ಕಕ್ಕೆ ಹೋಗಿ, ಅಲ್ಲೇ ನಿಂತು, ಅವಳನ್ನು ನೋಡಿ, ಮನಸ್ಸಿಲ್ಲದೆ ವಾಪಸು ಬಂದಂತಿತ್ತು. ಆ ಖಾಲಿಯ ನಡುವೆ ಇನ್ನೊಂದು ಸದ್ದು: ಕುದುರೆ ಓಡಿದ ಹಾಗೆ. ಮೇಜಿನಡಿ ನೋಡಿದಳು. ಬಾಗಿಲ ಹಿಂದೆ ನೋಡಿದಳು. ಯಾರೂ ಇಲ್ಲ. ಎದೆಯ ಮೇಲೆ ಕೈಯಿಟ್ಟಾಗ ಗೊತ್ತಾಯಿತು, ಆ ಸದ್ದು ಅವಳೊಳಗಿನದು.

ಅಂಗಡಿಗೆ ಬಂದ ಎದುರುಮನೆಯವಳು ಅವಳ ಸ್ಥಿತಿ ಕಂಡು ಕೂಗಿದ್ದಕ್ಕೆ ನರ್ಸು ಓಡಿ ಬಂದಳು. ನಾಡಿ ಹಿಡಿದಳು.

"ನಿಜ ಹೇಳಿ ಅಕ್ಕ. ಎಷ್ಟು ನುಂಗ್ತಿದ್ದೀರಿ?"

"...ಎರಡು."

ಆಗಲೇ ಆಸ್ಪತ್ರೆಗೆ ಕರೆದೊಯ್ದರು. ಹೃದಯದ ಪರೀಕ್ಷೆ ಮಾಡಿದರು, ಪುಣ್ಯಕ್ಕೆ ಅಪಾಯವಾಗಿರಲಿಲ್ಲ. ಡಾಕ್ಟರು ಮಾತ್ರೆಯನ್ನು ಮತ್ತೆ ಒಂದಕ್ಕೆ ತಂದರು. ಸುದ್ದಿ ಕೇಳಿ ಬಂದ ಗಂಡ ಮಂಚದ ತುದಿಯಲ್ಲಿ ಕೂತ.

"ಅಕ್ಕ, ನೀವು ಸರಿಮಾಡಿ ಕೊಟ್ಟ ಗಡಿಯಾರದ ತಿರುಪನ್ನ ನಾನು ಮನೇಲಿ ಗಂಟೆಗೊಂದು ಸಲ ತಿರುಗಿಸಿದರೆ?" ಎಂದಳು ನರ್ಸು.

"ಕೈ ಮುರೀತೀನಿ."

"ಯಾಕೆ?"

"ಒಂದು ಸಲ ತಿರುಗಿಸಿದರೆ ದಿನವಿಡೀ ಬಿಟ್ಟು ನೋಡಬೇಕಮ್ಮ. ಇಲ್ಲದಿದ್ದರೆ ಆ ತಿರುವು ಏನು ಮಾಡ್ತು ಅಂತ ಯಾರಿಗೆ ಗೊತ್ತಾಗುತ್ತೆ? ಸುಮ್ಮನೆ..." ಎಂದವಳು ಅಲ್ಲಿಗೇ ನಿಲ್ಲಿಸಿದಳು. ಗಂಡನ ಮುಖ ನೋಡಿದಳು. ನಾಚಿಕೆಯಾಯಿತು.

"ಗಡಿಯಾರಕ್ಕೆ ಒಂದು ದಿನ ಸಾಕು. ಮೈಗೆ ಆರರಿಂದ ಎಂಟು ವಾರ ಬೇಕು. ಆಗಲೇ ರಕ್ತ ಪರೀಕ್ಷೆ ಹೇಳೋದು, ಈ ಡೋಸ್ ಸಾಕೋ ಸಾಲದೋ ಅಂತ. ಅದಿರಲಿ, ಮಾತ್ರೆ ಹೇಗೆ ತಗೊಳ್ತಿದ್ರಿ?" ಎಂದಳು ನರ್ಸು.

"ಟೀ ಜೊತೆ. ಮಂಡಿ ನೋವಿಗೆ ಕೊಟ್ಟ ಕ್ಯಾಲ್ಸಿಯಂ ಮಾತ್ರೆನೂ ಆಗಲೇ."

"ಅಯ್ಯೋ! ಅವೆರಡೂ ಇದನ್ನ ಪೂರ್ತಿ ಮೈಗೆ ಹತ್ತೋಕೆ ಬಿಡಲ್ಲ."

"ಅಂದ್ರೆ ಇಷ್ಟು ದಿನ ಅರ್ಧ ಮಾತ್ರೆ ಟೀನೇ ಕುಡಿದುಬಿಟ್ಟಿದೆ!" ಎಂದ ಗಂಡ. ಮೂವರೂ ನಕ್ಕರು; ಅವಳ ನಗು ಕೊನೆಗೆ ಬಂತು.

ಮರುದಿನದಿಂದ ಬೆಳಿಗ್ಗೆ ಎದ್ದವಳ ಕೈಗೆ ಅವನೇ ಒಂದು ಲೋಟ ನೀರು ಕೊಡುತ್ತಿದ್ದ. "ಟೀಗೆ ಅರ್ಧ ಗಂಟೆ ಬ್ರೇಕ್!" ಎನ್ನುತ್ತಿದ್ದ. ಕ್ಯಾಲ್ಸಿಯಂ ರಾತ್ರಿ ಊಟಕ್ಕೆ ಹೋಯಿತು. ಅವಳು ಕಿವಿಗೆ ರಜೆ ಕೊಟ್ಟು, ಗಡಿಯಾರಗಳನ್ನು ರೇಡಿಯೋ ಸಮಯಕ್ಕೆ ಹೊಂದಿಸಿದಳು. ರಕ್ತ ಪರೀಕ್ಷೆಯಾದ ಮೇಲೆ ಡಾಕ್ಟರು ಡೋಸನ್ನು ತುಸುವೇ ಬದಲಿಸಿದರು. ಮತ್ತೆ ಕಾಯುವುದು. ಕೆಲವು ದಿನ ಅಳು ಬಂತು, ಕೆಲವು ದಿನ ಡಬ್ಬಿಯತ್ತ ಕೈ ಹೋಗಿ ವಾಪಸು ಬಂತು.

ಒಂದು ಹಗಲು ಕೆಲಸದ ನಡುವೆ ತಲೆಯೆತ್ತಿದಳು. ಅಂಗಡಿ ನಿಶ್ಶಬ್ದವಾಗಿತ್ತು. ಎಲ್ಲವೂ ನಿಂತುಹೋದವೇ? ಗೋಡೆ ನೋಡಿದಳು: ಒಂದೂ ನಿಂತಿರಲಿಲ್ಲ. ಎಲ್ಲ ಲೋಲಕಗಳೂ ತಮ್ಮ ಪಾಡಿಗೆ ತೂಗುತ್ತಿದ್ದವು. ಬೆಳಗಿನಿಂದ ಅವುಗಳ ಸದ್ದು ಅವಳ ಗಮನಕ್ಕೇ ಬಂದಿರಲಿಲ್ಲ, ಅಷ್ಟೆ.

"ಯಾಕಕ್ಕ, ಹಾಗೆ ಕೂತಿದ್ದೀಯ?" ಎಂದಳು ಎದುರುಮನೆಯವಳು.

"ಏನೂ ಕೇಳಿಸ್ತಿಲ್ಲ ಕಣೇ" ಎಂದು ಅವಳು ನಕ್ಕಳು.

ಓದುತ್ತಿರುವ ನಿಮಗೋ ನಿಮ್ಮ ಮನೆಯವರಿಗೋ ಥೈರಾಯ್ಡ್ ಮಾತ್ರೆ ಶುರುವಾಗಿದೆಯೇ? ಡಾಕ್ಟರ್ ಬೇರೆ ಹೇಳದಿದ್ದರೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ನುಂಗಿ. ಟೀ, ಕಾಫಿ, ತಿಂಡಿ ಅರ್ಧದಿಂದ ಒಂದು ಗಂಟೆಯಾದ ಮೇಲೆ. ಕಬ್ಬಿಣಾಂಶದ ಮತ್ತು ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆಯ ಅಂತರವಿರಲಿ. ಬಸಿರಾಗಿರುವುದು ಗೊತ್ತಾದ ಕೂಡಲೇ ಡಾಕ್ಟರಿಗೆ ತಿಳಿಸಿ. ಎದೆ ಹೊಡೆದುಕೊಂಡರೆ, ಕೈ ನಡುಗಿದರೆ ಮನೆಯಲ್ಲಿ ಕೂರದೆ ಆಸ್ಪತ್ರೆಗೆ ಹೋಗಿ. ಗುಣ ಕಾಣುತ್ತಿಲ್ಲವೆಂದು ನೀವಾಗಿಯೇ ಬಿಡಬೇಡಿ, ನೀವಾಗಿಯೇ ಹೆಚ್ಚಿಸಬೇಡಿ. ರಕ್ತ ಪರೀಕ್ಷೆಯ ದಿನದವರೆಗೆ ತಾಳಿ. ನಿಧಾನವಾಗಿ ಕಳೆದುಹೋದದ್ದು ನಿಧಾನವಾಗಿಯೇ ವಾಪಸು ಬರುತ್ತದೆ.