ಬಚ್ಚಲಮನೆಯ ಬ್ಯಾಟರಿ

ಸುಟ್ಟ ಅಂಗಡಿಗಳನ್ನು ನೋಡುವುದೇ ಅಳಿಯನ ಕೆಲಸ. ವಿಮಾ ಕಂಪನಿಯ ಪರವಾಗಿ ಹೋಗಿ, ಬೂದಿ ಕೆದಕಿ, ಬೆಂಕಿ ಎಲ್ಲಿ ಹುಟ್ಟಿತೆಂದು ಬರೆದುಕೊಂಡು ಬರುತ್ತಿದ್ದ. ಹತ್ತು ವರ್ಷ ಇದೇ ಆಗಿ, ಮನೆಯಲ್ಲಿ ಯಾರಾದರೂ ಬೆಂಕಿಕಡ್ಡಿ ಗೀರಿದರೂ ಅವನ ಎದೆ ಧಸಕ್ಕೆನ್ನುತ್ತಿತ್ತು. ಇಂಥವನಿಗೆ ಸಿಕ್ಕ ಅತ್ತೆಯೋ, ಕಾಲೇಜಿನ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿದ್ದು ನಿವೃತ್ತರಾದವರು. ಕೈ ಕಟ್ಟಿ ಕೂರುವ ಪೈಕಿಯಲ್ಲ.

ಆ ಭಾನುವಾರ ಬೆಳಿಗ್ಗೆ ಅವನು ಟವೆಲು ಸುತ್ತಿಕೊಂಡು ಸ್ನಾನಕ್ಕೆ ಹೋದರೆ, ಬಚ್ಚಲಲ್ಲಿ ಅತ್ತೆ ಮಣೆ ಹಾಕಿಕೊಂಡು ಕೂತಿದ್ದರು. ಎದುರಿಗೆ ಮರಳು ತುಂಬಿದ ಹೂಕುಂಡ. ಮರಳಿನ ಮೇಲೆ ಹೆಬ್ಬೆರಳು ಗಾತ್ರದ ಬ್ಯಾಟರಿ, ಅದಕ್ಕೊಂದು ಪುಟ್ಟ ಚಾರ್ಜರ್, ಅದರಲ್ಲಿ ಕೆಂಪು ದೀಪ. ವೈರು ಹೊರಗಿನ ಕೋಣೆಯಿಂದ ಬಂದಿತ್ತು.

"ಅತ್ತೆ, ಇದೆಲ್ಲಿಂದ ಬಂತು?"

"ಪಕ್ಕದ ಮನೆಯವರ ಕೆಟ್ಟ ಲ್ಯಾಪ್‌ಟಾಪಿಂದು. ಒಳಗೆ ಇಂಥವು ಆರು ಇದ್ವು. ಒಂದಕ್ಕೆ ತುಕ್ಕು. ಇನ್ನೊಂದಕ್ಕೆ ಮೀಟರ್ ಹಿಡಿದ್ರೆ ಬರೀ ಒಂದು ವೋಲ್ಟ್. ಅಷ್ಟು ಕೆಳಗಿಳಿದಿದ್ದಕ್ಕೆ ಚಾರ್ಜ್ ಹಾಕಬಾರದು, ಎರಡನ್ನೂ ಬೇರೆ ಇಟ್ಟೆ. ಉಳಿದ ನಾಲ್ಕನ್ನ ಒಂದೊಂದಾಗಿ ಚಾರ್ಜ್ ಮಾಡಿ ನನ್ನ ರೇಡಿಯೋಗೆ ಹಾಕೋದು."

"ಅದಕ್ಕೆ ಬಚ್ಚಲೇ ಬೇಕಿತ್ತಾ?"

"ನೆಲ ಒಣಗಿಸಿದೀನಿ. ಇಲ್ಲಿ ಪರದೆ ಇಲ್ಲ, ಹಾಸಿಗೆ ಇಲ್ಲ. ಹತ್ತಿಕೊಳ್ಳೋದಿದ್ರೆ ನೀವೊಬ್ಬರೇ."

ಬ್ಯಾಟರಿಗಳನ್ನು ಜೋಡಿಸುವ ಬೆಸುಗೆ ತಂತಿ ಮುಗಿದಿತ್ತು. ಅತ್ತೆ ಅಂಗಡಿಗೆ ಹೊರಟರು. "ಇದನ್ನ ಒಂಟಿಯಾಗಿ ಬಿಡೋ ಹಾಗಿಲ್ಲ. ಆಗಾಗ ಮುಟ್ಟಿ ನೋಡಿ. ಬೆಚ್ಚಗಾದ್ರೆ ಪರವಾಗಿಲ್ಲ. ಬಿಸಿ ಆದ್ರೆ ವೈರ್ ಕಿತ್ತು, ಕುಂಡ ಸಮೇತ ಬಯಲಿಗೆ ಒಯ್ಯಿರಿ."

ಅಳಿಯ ಮಣೆಯ ಮೇಲೆ ಕೂತ. ನಿಮಿಷಕ್ಕೆರಡು ಸಲ ಮುಟ್ಟಿದ.

"ರೀ, ಸ್ನಾನ ಆಯ್ತಾ?" ಹೆಂಡತಿ ಕೇಳಿದಳು.

"ನಿಮ್ಮಮ್ಮ ಬಂದ ಮೇಲೆ."

ಅರ್ಧ ಗಂಟೆಗೆ ಬ್ಯಾಟರಿ ಬೆಚ್ಚಗಾಯಿತು. ಇನ್ನೂ ಸ್ವಲ್ಪ ಹೊತ್ತಿಗೆ ಬೆರಳು ತಟ್ಟನೆ ಹಿಂದೆ ಬಂತು. ವೈರು ಕಿತ್ತ. ಕುಂಡ ಎತ್ತಿಕೊಂಡು ಮೂರು ಮಹಡಿ ಇಳಿದ. ಎರಡನೇ ಮಹಡಿಯಲ್ಲಿ ಟವೆಲು ಸಡಿಲವಾಯಿತು. ಕುಂಡ ಹಿಡಿಯಲು ಎರಡೂ ಕೈ ಬೇಕು, ಮಾನಕ್ಕೆ ಇನ್ನೊಂದು ಬೇಕು. ಮೊಣಕೈಯಿಂದ ಟವೆಲನ್ನು ಸೊಂಟಕ್ಕೆ ಒತ್ತಿಕೊಂಡು, ಏಡಿಯ ಹಾಗೆ ಅಡ್ಡಡ್ಡ ನಡೆದು ಅಂಗಳ ತಲುಪಿದ.

ಕಾರು ತೊಳೆಯುತ್ತಿದ್ದ ಕಟ್ಟಡದ ಸಂಘದ ಕಾರ್ಯದರ್ಶಿಯೂ ಅಂಗಳದಲ್ಲಿದ್ದ ಉಳಿದವರೂ ಬಾಯಿ ಬಿಟ್ಟು ನೋಡಿದರು. ಅಳಿಯ ಕುಂಡವನ್ನು ನಡುಮಧ್ಯೆ ಇಟ್ಟು, ಕೆಲಸದ ದನಿಯಲ್ಲಿ ಹೇಳಿದ: "ಎಲ್ಲರೂ ಇಪ್ಪತ್ತು ಅಡಿ ಹಿಂದೆ ಸರೀರಿ."

ಸರಿದರು. ಮೈಮೇಲೆ ಟವೆಲು ಬಿಟ್ಟು ಬೇರೇನೂ ಇಲ್ಲದವನು ಅಷ್ಟು ಖಚಿತವಾಗಿ ಹೇಳಿದರೆ ಇಲ್ಲವೆನ್ನುವುದು ಹೇಗೆ? ಕಿಟಕಿಗಳೆಲ್ಲ ತೆರೆದುಕೊಂಡವು. ಅಷ್ಟು ಕಣ್ಣುಗಳ ಮುಂದೆ ಟವೆಲು ಬಿಚ್ಚಿ ಕಟ್ಟುವಂತಿರಲಿಲ್ಲ; ಅಳಿಯ ಮೊಣಕೈ ಒತ್ತಿಕೊಂಡೇ ನಿಂತ. ಮುಕ್ಕಾಲು ಗಂಟೆ ಇಡೀ ಕಟ್ಟಡ ಒಂದು ಹೂಕುಂಡವನ್ನು ನೋಡುತ್ತ ನಿಂತಿತು. ಕುಂಡ ಏನೂ ಮಾಡಲಿಲ್ಲ.

ಅತ್ತೆ ಬಂದರು. ಗುಂಪು ಸೀಳಿಕೊಂಡು ಹೋಗಿ, ಬ್ಯಾಟರಿಯ ಹತ್ತಿರ ಅಂಗೈ ಒಡ್ಡಿ, ಆಮೇಲೆ ಮುಟ್ಟಿದರು.

"ಏನೂ ಆಗಲೇ ಇಲ್ಲ," ಎಂದ ಅಳಿಯ, ತಪ್ಪು ಮಾಡಿದವನಂತೆ.

"ಆಗಬಾರದು ಅಂತ ತಾನೇ ಇಳಿಸಿದ್ದು? ಇಷ್ಟು ಬೇಗ ಬಿಸಿಯಾದ್ರೆ ಒಳಗೆ ಹಾಳಾಗಿದೆ ಅಂತಲೇ. ಬ್ಯಾಟರಿ ವಾಪಸ್ ತಗೊಳ್ಳೋ ಕಡೆ ಕೊಟ್ಟುಬಿಡೋಣ." ಅತ್ತೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನನ್ನ ಪ್ರಯೋಗಾಲಯದಲ್ಲಿ ನಿಮ್ಮಂಥೋರು ಒಬ್ಬರಿದ್ದಿದ್ರೆ ಎರಡು ಮೇಜು ಸುಡದೆ ಉಳೀತಿತ್ತು."

ಮದುವೆಯಾದಾಗಿನಿಂದ ಅತ್ತೆಯ ಬಾಯಲ್ಲಿ ಒಂದು ಹೊಗಳಿಕೆ ಬಂದದ್ದು ಇದೇ ಮೊದಲು. ಅಳಿಯ ಎದೆ ಸೆಟೆಸಿದ. ಮೊಣಕೈ ಸಡಿಲಿಸಬಾರದೆಂಬುದು ಆಗ ಮರೆತುಹೋಯಿತು.

ಮೊದಲು ಮುಚ್ಚಿದ್ದು ಕಾರ್ಯದರ್ಶಿಯವರ ಮನೆಯ ಕಿಟಕಿ.