ಅಮ್ಮ ಇಲ್ಲೇ ಎಲ್ಲೋ ಇದ್ದಾಳೆ

ಮೇ ತಿಂಗಳು ಮುಗಿಯುತ್ತ ಬಂತೆಂದರೆ ಸಾಕು, ಅಮೆರಿಕದ ಮಿಷಿಗನ್ನಿನ ಒಂದು ರಾಜ್ಯ ಅರಣ್ಯೋದ್ಯಾನದ ಕಚೇರಿಗೆ ಯಾರಾದರೊಬ್ಬರು ಜಿಂಕೆಮರಿಯನ್ನು ಕೋಟಿನಲ್ಲಿ ಸುತ್ತಿಕೊಂಡು ಬಂದೇ ಬರುತ್ತಾರೆ. “ಪಾಪ, ಅನಾಥ ಮರಿ” ಅನ್ನುತ್ತಾರೆ. ಈ ಸಲ ಆ ಸರದಿ ಕ್ಲೈಡನದಾಗುವುದರಲ್ಲಿತ್ತು.

ಕ್ಲೈಡನ ಹೆಂಡತಿ ರೆನಾಟಾಗೆ ಆಸ್ಪತ್ರೆಯ ಅಡುಗೆಮನೆಯಲ್ಲಿ ರಾತ್ರಿ ಪಾಳಿ. ರಜೆಯ ದಿನ ಮಗುವನ್ನು ಅಜ್ಜಿಯ ಮನೆಗೆ ಕಳಿಸಿ, ಕ್ಯಾಮೆರಾ ಕೊರಳಿಗೆ ಹಾಕಿಕೊಂಡು, ಗಂಡನನ್ನೂ ಪಕ್ಕದ ಮನೆಯ ಒಡೆಟ್ಟಾಳನ್ನೂ ಕರೆದುಕೊಂಡು ಆ ಉದ್ಯಾನದ ಕಾಡಿನ ಕಾಲುದಾರಿ ಹಿಡಿದರೆ ಅವಳಿಗೆ ಬೆನ್ನುನೋವೂ ಮರೆತುಹೋಗುತ್ತಿತ್ತು. ಅಂದು ಬಿಳಿ ಹೂವೊಂದರ ಫೋಟೋ ತೆಗೆಯಲು ಬಗ್ಗಿದಾಗ, ದಾರಿಯಾಚೆ ಜರಿಗಿಡಗಳ ನಡುವೆ ಚುಕ್ಕೆಗಳು ಕಂಡವು. ಎಳೆಯ ಜಿಂಕೆಮರಿ. ಮುದುಡಿ ಮಲಗಿತ್ತು. ಮಿಸುಕಾಟವಿಲ್ಲ.

“ಅಯ್ಯೋ, ತಾಯಿ ಬಿಟ್ಟುಹೋಗಿದೆ ಕಣೇ!” ಕ್ಲೈಡ್ ಆಗಲೇ ಕೋಟು ಬಿಚ್ಚುತ್ತಿದ್ದ. “ಮನೆಗೆ ಒಯ್ದು ಬಾಟಲಿ ಹಾಲು ಹಾಕಿ ಸಾಕೋಣ.”

“ಮುಟ್ಟಬೇಡ ಮಾರಾಯ!” ಒಡೆಟ್ಟಾ ಅವನ ತೋಳು ಹಿಡಿದಳು. “ಹಸುವಿನ ಹಾಲು ಕುಡಿಸಿದ್ರೆ ಭೇದಿಯಾಗಿ ಸತ್ತೇಹೋಗುತ್ತೆ.”

“ಹಂಗಂತ ಇಲ್ಲೇ ಸಾಯ್ಲಿ ಅಂತೀಯಾ? ಕಲ್ಲು ಮನಸ್ಸು ನಿಂದು.”

“ಅಲ್ಲಾಡದೆ ಮಲಗೋದೇ ಅದರ ಬುದ್ಧಿ. ಮರಿ ಮೈಗೆ ವಾಸನೆ ಕಮ್ಮಿ, ತಾಯಿಗೆ ಜಾಸ್ತಿ. ಅವಳು ಪಕ್ಕದಲ್ಲೇ ನಿಂತ್ರೆ ತೋಳದಂಥವು ಮೂಸ್ಕೊಂಡು ಬರ್ತವೆ. ಅದಕ್ಕೇ ದೂರದಲ್ಲಿ ಮೇಯ್ತಿದ್ದು, ಹೊತ್ತಿಗೆ ಬಂದು ಮೊಲೆ ಕೊಡ್ತಾಳೆ.”

“ಎಲ್ಲಿದ್ದಾಳೆ? ತೋರ್ಸು ನೋಡೋಣ!”

“ನೀನಿಲ್ಲಿ ಕಂಬದ ಹಾಗೆ ನಿಂತಿದ್ರೆ ಹೇಗೆ ಬರ್ತಾಳೆ?” ಒಡೆಟ್ಟಾ ರೆನಾಟಾಳತ್ತ ತಿರುಗಿದಳು. “ನಿಮ್ಮಿಬ್ರಿಗೂ ರಾತ್ರಿ ಪಾಳಿ ಬಿದ್ದಾಗ ಮಗೂನ ನಮ್ಮನೇಲಿ ಮಲಗಿಸಿ ಹೋಗ್ತೀಯಲ್ಲ, ಪಾಪ ಅನಾಥ ಅಂತ ಯಾರಾದ್ರೂ ಕೋಟಲ್ಲಿ ಸುತ್ಕೊಂಡು ಹೋದ್ರೆ?”

ಇನ್ನೆರಡು ಹೆಜ್ಜೆ ಮುಂದಿಟ್ಟರೆ ಆ ಒದ್ದೆ ಮೂಗು ಕ್ಯಾಮೆರಾದ ತುಂಬ ಬರುತ್ತಿತ್ತು. ರೆನಾಟಾ ಕ್ಯಾಮೆರಾ ಇಳಿಸಿದಳು.

“ನಡಿ ಕ್ಲೈಡ್. ಅದರಮ್ಮ ಪಾಳಿ ಮುಗಿಸಿ ಬರಬೇಕು.”

ಎದುರು ದಿಬ್ಬದ ಬೆಂಚಿನ ಮೇಲೆ ಹೋಗಿ ಕೂತರು. “ಬರದಿದ್ರೆ ಮಾತ್ರ ನಾನು ಕೇಳೋನಲ್ಲ” ಎಂದು ಕ್ಲೈಡ್ ಸ್ಯಾಂಡ್‌ವಿಚ್ ಅಗಿಯುತ್ತ ಗೊಣಗುತ್ತಲೇ ಇದ್ದ. ಹೊತ್ತು ಇಳಿಯುವಾಗ ಜರಿಗಿಡಗಳ ಮೇಲೆ ಎರಡು ದೊಡ್ಡ ಕಿವಿ ಎದ್ದವು. ಅಗಿಯುತ್ತಿದ್ದ ಬಾಯಿ ಹಾಗೇ ನಿಂತಿತು. ರೆನಾಟಾ ಕೂತಲ್ಲಿಂದಲೇ ಫೋಟೋ ತೆಗೆದಳು.

ಆ ಫೋಟೋ ಈಗ ಅವರ ಫ್ರಿಜ್ಜಿನ ಬಾಗಿಲ ಮೇಲಿದೆ. ಅದರಲ್ಲಿರುವುದು ಒಂದಿಷ್ಟು ಹಸಿರು, ಎರಡು ಕಿವಿ, ಅಷ್ಟೆ. “ಮರಿ ಎಲ್ಲಿ?” ಎಂದು ಬಂದವರು ಕೇಳಿದರೆ ಕ್ಲೈಡ್ ಎದೆಯುಬ್ಬಿಸಿ ಹೇಳುತ್ತಾನೆ: “ಅಮ್ಮನ ಹತ್ರ.”

ನೀವೂ ಕಾಡಿಗೆ ಹೋಗಿ. ಕಣ್ತುಂಬ ನೋಡಿ, ಮನಸಾರೆ ಫೋಟೋ ತೆಗೆಯಿರಿ. ದಾರಿ ಬಿಟ್ಟು ಮಾತ್ರ ಇಳಿಯಬೇಡಿ. ಒಂಟಿ ಮರಿ ಕಂಡರೆ ಮುಟ್ಟದೆ, ಸದ್ದು ಮಾಡದೆ ಹಿಂದೆ ಸರಿಯಿರಿ. ಮರಿಗೆ ಗಾಯವಾಗಿದ್ದರೆ, ಇಲ್ಲವೇ ತಾಯಿ ಸತ್ತುಬಿದ್ದಿದ್ದರೆ, ಆಗಲೂ ನೀವೇ ಎತ್ತಿಕೊಳ್ಳದೆ ಉದ್ಯಾನದ ಕಚೇರಿಗೆ ತಿಳಿಸಿ. ಉಳಿದಂತೆ, ನೀವು ಹೊರಟ ಮೇಲೇ ಅದರಮ್ಮ ಬರುವುದು.