ಜಾಬ್ ಶೀಟಿನಲ್ಲಿಲ್ಲದ ನೆಗ್ಗು

ಬ್ಲೇಡು ಟೇಪಿನ ಮೇಲೆ ಸರ್ರೆಂದು ಹೋಯಿತು, ಎಷ್ಟು ನಯವಾಗಿ ಕೊಯ್ಯುತ್ತಾನೆ ಈ ಸರ್ವಿಸ್ ಸೆಂಟರಿನ ಮ್ಯಾನೇಜರ್, ನಮ್ಮ ಕ್ಲಿನಿಕ್ಕಿನ ನರ್ಸಮ್ಮ ಹತ್ತಿಯ ಪ್ಯಾಕೆಟ್ಟನ್ನು ಹಲ್ಲಿನಿಂದಲೇ ಹರಿಯುತ್ತಾಳೆ, ಅದೂ ಹಲ್ಲಿನ ಡಾಕ್ಟರಾದ ನನ್ನ ಎದುರಿಗೇ — ಡಬ್ಬದೊಳಗಿಂದ ಹೊಸ ರಬ್ಬರಿನ ವಾಸನೆ, ಹೊಸದು, ಪೂರ್ತಿ ಹೊಸ ಕ್ಯಾಮೆರಾ, ಸರ್ ನಿಮ್ಮ ಹಳೇದು ರಿಪೇರಿ ಆಗೋ ಸ್ಥಿತಿಲಿ ಇರ್ಲಿಲ್ಲ, ಹೆಡ್ ಆಫೀಸಿನವರು ನಿಮ್ಮ ಲೆಟರ್ ನೋಡಿ ಬೇರೇದೇ ಕೊಟ್ಬಿಡಿ ಅಂದ್ರು, ನಮ್ಮ ಕಡೆಯಿಂದ ಆಗಿರೋ ತಪ್ಪು, ಮನಸ್ಸಲ್ಲಿ ಇಟ್ಕೋಬೇಡಿ. ನಮ್ಮ ಕಡೆಯಿಂದ ಅನ್ನುತ್ತಾನೆ, ಅಂದು ನಗುತ್ತಾನೆ, ನಾನೂ ನಗಬೇಕು, ಎರಡು ತಿಂಗಳು ಹಠ ಹಿಡಿದು, ಐದು ಪುಟ ಬರೆದು, ಫೋನಿನಲ್ಲಿ ಗಂಟಲು ಹರಿದುಕೊಂಡು ಗೆದ್ದವನು ಮುಖ ಗಂಟು ಹಾಕಿಕೊಂಡು ಕೂತರೆ ಚೆನ್ನಾಗಿರುವುದಿಲ್ಲ, ನಕ್ಕೆ, ತುಟಿ ಒಣಗಿತ್ತು, ಅಂಟಿಕೊಂಡಿತು. ಅವಳೆಲ್ಲಿ, ಅವತ್ತು ಕೌಂಟರಿನಲ್ಲಿ ನನ್ನ ಕ್ಯಾಮೆರಾ ತೆಗೆದುಕೊಂಡವಳು, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡವಳು, ಮನೆಯಲ್ಲಿ ನಾವು ದಾರದ ಮೇಡಂ ಎಂದೇ ಕರೆಯುತ್ತಿದ್ದವಳು — ಅವಳ ಕುರ್ಚಿಯಲ್ಲಿ ಬೇರೆ ಯಾರೋ ಇದ್ದಾರೆ, ಸದ್ಯ, ಬದುಕಿದೆ ಅಂದುಕೊಂಡೆ, ಅಷ್ಟರಲ್ಲಿ ಗಾಜಿನ ಗೋಡೆಯಾಚೆ, ಪ್ಯಾಕಿಂಗ್ ಮೇಜಿನ ಹತ್ತಿರ, ಆ ದಾರ ಕಾಣಿಸಿತು. ನೋಡಬಾರದು, ಸ್ಕ್ರೂ ನೋಡು, ಲೆನ್ಸ್ ಕೂರಿಸುವ ಉಂಗುರ ನೋಡು, ಮ್ಯಾನೇಜರನ ಉಗುರು ನೋಡು. ಉಗುರು ಚೊಕ್ಕಟವಾಗಿ ಕತ್ತರಿಸಿಕೊಂಡಿದ್ದಾನೆ.

ಅವತ್ತು ಅವಳು ದೀಪದ ಕೆಳಗೆ ಕ್ಯಾಮೆರಾ ಹಿಡಿದು ಜಾಬ್ ಶೀಟ್ ಎಳೆದುಕೊಂಡಳು, ಸರ್ ಗೀರು ನೆಗ್ಗು ಏನೇನಿದೆ ಎಲ್ಲ ಬರ್ಕೋಬೇಕು, ಐದೇ ನಿಮಿಷ, ಮೇಡಂ ನಾನು ಡಾಕ್ಟರ್, ಅಲ್ಲಿ ಪೇಷಂಟ್ ಬಾಯಿ ತೆರ್ಕೊಂಡು ಕೂತಿದಾರೆ — ಅವಳಿಗೆ ನಗು ಬಂತು, ಅಯ್ಯೋ ಪಾಪ, ಹಾಗಾದ್ರೆ ಹೋಗಿ ಸರ್, ನಿಮ್ಮಂಥವರ ಮೇಲೆ ನಂಬಿಕೆ ಇಲ್ದೆ ಇನ್ಯಾರ ಮೇಲೆ, ಮೆಮೊರಿ ಕಾರ್ಡು ತೆಗೆದಿದೀರಲ್ಲ, ಹ್ಞೂಂ ಹ್ಞೂಂ ತೆಗೆದಿದೀನಿ, ಅದಕ್ಕೊಂದು ಟಿಕ್ ನೋಡದೆಯೇ ನಾನೇ ಹಾಕಿದೆ, ಅವಳು ಸಹಿ ಹಾಕಿದಳು, ನೆಗ್ಗಿನ ಕಾಲಂ ಖಾಲಿ. ಮೂಲೆಯಲ್ಲಿ ಹೆಬ್ಬೆರಳು ಕೂರುವಷ್ಟು ನೆಗ್ಗು ಇತ್ತು, ಅದರ ಮೇಲೆ ನಾನು ಬೇಕೆಂದೇ ಕ್ಯಾಮೆರಾದ ಕೊರಳಪಟ್ಟಿ ಮಡಚಿ ಇಟ್ಟಿದ್ದೆ. ಆ ನೆಗ್ಗು ಬಿದ್ದದ್ದು ಕೆರೆಯ ದಂಡೆಯಲ್ಲಿ, ಮಿಂಚುಳ್ಳಿ ಒಂದು ಒಣ ಕೊಂಬೆಯ ಮೇಲೆ ಕೂತು ಕೂತು, ಈಗ ಹಾರುತ್ತೆ ಈಗ ಹಾರುತ್ತೆ ಎಂದು ವಿಡಿಯೋ ಹಾಕಿಟ್ಟು ಹಿಂದೆ ಸರಿದೆ, ರೀ ಕಾಲು ಕಾಲು ಅಂದಳು ಹೆಂಡತಿ, ನನ್ನ ಕಾಲು ಅಂದುಕೊಂಡೆ, ಅವಳು ಹೇಳಿದ್ದು ಸ್ಟ್ಯಾಂಡಿನ ಕಾಲು, ತಗುಲಿತು, ಕ್ಯಾಮೆರಾ ಬಂಡೆಗೆ ಟಣ್ ಎಂದು ಬಡಿದು ನೀರಿಗೆ. ಸುಮ್ಮನೆ ತುಂತುರು ಮಳೆಗೆ ಹಾಳಾಯಿತು ಎಂದಷ್ಟೇ ಹೇಳುವವನಿದ್ದೆ ನಾನು, ಅಷ್ಟೇ, ಸಣ್ಣ ಸುಳ್ಳು, ಎಲ್ಲರೂ ಹೇಳುತ್ತಾರೆ, ಏನೂ ಕಚ್ಚಿಲ್ಲ ಡಾಕ್ಟ್ರೇ ಅನ್ನುತ್ತಾರೆ, ಸೀಳಿದ ಹಲ್ಲು ನೋಡಿದರೆ ಅಡಕೆಯೋ ಕಲ್ಲೋ ಎಲ್ಲ ಗೊತ್ತಾಗುತ್ತೆ, ನಾನು ಗೊತ್ತಾಗದವನ ಹಾಗೆ ತಲೆಯಾಡಿಸುತ್ತೇನೆ. ಇವರ ಟೆಕ್ನಿಷಿಯನ್ ತಲೆಯಾಡಿಸಲಿಲ್ಲ, ಒಂಬತ್ತನೇ ದಿನಕ್ಕೆ ಬರೆದು ಕಳಿಸಿದ, ಮೂಲೆಗೆ ಪೆಟ್ಟು ಬಿದ್ದಿದೆ, ಬಿರುಕಿನಿಂದ ನೀರು ಹೋಗಿದೆ, ವಾರಂಟಿ ಅನ್ವಯಿಸುವುದಿಲ್ಲ. ಓದಿದಾಗ ಕಿವಿ ಬಿಸಿಯಾಯಿತು. ಕಿವಿ ಬಿಸಿಯಾಗಿದ್ದಾಗಲೇ ಆ ಖಾಲಿ ಕಾಲಂ ನೆನಪಾಯಿತು.

ಬೇರೆ ಯಾರಿಗಾದರೂ ಹೊಳೆಯುತ್ತಿರಲಿಲ್ಲ ಅದು, ನನಗೆ ಹೊಳೆಯಿತು, ಯಾಕೆಂದರೆ ನನಗೇ ಆಗಿತ್ತು, ಕ್ಲಿನಿಕ್ ತೆರೆದ ಮೊದಲ ವರ್ಷ ಒಬ್ಬ ಹೆಂಗಸು ಮೊದಲೇ ಮುರಿದಿದ್ದ ಹಲ್ಲನ್ನು ತೋರಿಸಿ ಈ ಡಾಕ್ಟರೇ ಮುರಿದ ಎಂದು ಬೀದಿಗೆಲ್ಲ ಹೇಳಿದಳು, ಅವಳ ಚೀಟಿಯಲ್ಲಿ ನಾನು ಏನೂ ಬರೆದಿರಲಿಲ್ಲ, ಪಾಪ ನೋವು ಅಂತಿದಾಳೆ ಮೊದಲು ನೋವು ತೆಗೆಯೋಣ ಎಂದು ಕೈ ಹಾಕಿದ್ದೆ, ಆಮೇಲೆ ಆರು ತಿಂಗಳು ಅನ್ನ ಸೇರಲಿಲ್ಲ, ಅವತ್ತಿನಿಂದ ನರ್ಸಮ್ಮನಿಗೆ ನನ್ನದೊಂದೇ ಪಾಠ, ಬರೆಯದೆ ಮುಟ್ಟಬಾರದು. ಒಳ್ಳೇತನಕ್ಕೆ ಕಾಲಂ ಬಿಟ್ಟವರು ಹೇಗೆ ಸಿಕ್ಕಿಬೀಳುತ್ತಾರೆ ಎಂದು ನನಗಿಂತ ಚೆನ್ನಾಗಿ ಗೊತ್ತಿದ್ದವರು ಯಾರೂ ಇರಲಿಲ್ಲ, ಅಲ್ಲಿಗೇ ಹೊಡೆದೆ, ನಾನು ಕೊಟ್ಟಾಗ ಕ್ಯಾಮೆರಾ ಮಳೆಗೆ ಕೆಟ್ಟಿತ್ತೇ ಹೊರತು ಒಂದು ನೆಗ್ಗೂ ಇರಲಿಲ್ಲ, ನಿಮ್ಮದೇ ಶೀಟ್ ನೋಡಿ, ಬೀಳಿಸಿರುವುದು ನಿಮ್ಮ ಸಿಬ್ಬಂದಿ. ಬರೆಯುವಾಗ ಹೆಂಡತಿ ಹಿಂದೆ ನಿಂತು ಓದಿದಳು, ಏನ್ರೀ ಇದು, ದಾರದ ಮೇಡಂ ಬೀಳಿಸಿದ್ದು ಅಂತ ಬರೀತಿದೀರಲ್ಲ, ಕೆರೆ ಹತ್ರ ನಾನಲ್ಲೇ ಕೂತಿದ್ದೆ, ಲೇ ಇದು ಕಂಪನಿ ಮೇಲೆ ಬರೀತಿರೋದು, ಅವಳ ಮೇಲಲ್ಲ, ಕಂಪನಿಗೆ ಕೈ ಇರುತ್ತಾ ಬೀಳಿಸೋಕೆ, ಅಂದಳು. ಆಮೇಲೆ ಹೆಂಡತಿ ಆ ಮಾತೇ ಎತ್ತಲಿಲ್ಲ, ಇವತ್ತು ಹೊರಡುವಾಗ ಎಲ್ಲಿಗೆ ಎಂದೂ ಕೇಳಲಿಲ್ಲ, ಊಟಕ್ಕೆ ಬರ್ತೀರಾ ಎಂದು ಮಾತ್ರ ಕೇಳಿದಳು, ಹ್ಞೂಂ ಅಂದೆ, ಹ್ಞೂಂ ಅನ್ನುವಾಗ ಶೂಗೆ ದಾರ ಕಟ್ಟಿಕೊಳ್ಳುತ್ತಿದ್ದೆ, ಮುಖ ಎತ್ತಬೇಕಾಗಿರಲಿಲ್ಲ. ಮತ್ತೆ ಆ ದಿನ, ಇದೇ ಕೌಂಟರ್, ಹತ್ತು ಹದಿನೈದು ಜನ ಟೋಕನ್ ಹಿಡಿದು ಕೂತಿದ್ದಾಗ ನಾನು ಕೂಗಾಡಿದ್ದು, ಮನುಷ್ಯರಿಗೆ ವಸ್ತು ಕೊಟ್ಟಿದೀವಾ ಇಲ್ಲ ಕೋತಿ ಕೈಗೆ ಕೊಟ್ಟಿದೀವಾ, ಯಾರೋ ಹಿಂದೆ ಕಿಸಕ್ಕನೆ ನಕ್ಕರು, ನನಗೆ ಹುರುಪು ಬಂತು, ಇನ್ನೂ ಜೋರು ಮಾಡಿದೆ. ಅವಳು ಕನ್ನಡಕ ತೆಗೆದಳು, ಅದು ಎದೆಯ ಮೇಲೆ ತೂಗಾಡಿತು, ಸರ್ ನನಗೆ ಬೀಳಿಸಿದ ನೆನಪೇ ಇಲ್ಲ, ಆದ್ರೆ ಬರ್ಕೊಂಡಿಲ್ಲ ಅಲ್ವಾ, ನಾನೇ ಬೀಳಿಸಿರಬಹುದೇನೋ, ಆ ದಿನ ತುಂಬಾ ಜನ ಇದ್ರು. ಬೀಳಿಸಿರಬಹುದೇನೋ ಎಂದು ತನ್ನ ಎರಡೂ ಅಂಗೈ ನೋಡಿಕೊಂಡಳು. ನಾಚಿಕೆಗೇಡಿ, ಅವಳ ಕೈಯನ್ನು ಅವಳೇ ನಂಬದ ಹಾಗೆ ಮಾಡಿದೆಯಲ್ಲ, ಮಾಡಿ ಮನೆಗೆ ಹೋಗಿ ಕೈತೊಳೆದು ಊಟಕ್ಕೆ ಕೂತೆಯಲ್ಲ.

ಸರ್ ಇಲ್ಲೊಂದು ಸೈನು, ಕಂಪ್ಲೇಂಟ್ ವಾಪಸ್ ತಗೊಂಡಿದೀನಿ, ಸಮಾಧಾನ ಆಗಿದೆ ಅಂತ, ಮತ್ತೆ ಮ್ಯಾನೇಜರ್ ದನಿ ತಗ್ಗಿಸಿದ, ಆ ಮೇಡಂಗೆ ಇವತ್ತೇ ಕೊನೇ ದಿನ ಸರ್, ಹನ್ನೊಂದು ವರ್ಷ ಇದ್ರು, ಆದ್ರೆ ಏನ್ಮಾಡೋದು, ನಿಮ್ಮಂಥವರಿಗೇ ಹೀಗಾದ್ರೆ ನಾವು ಯಾವ ಮುಖ ಇಟ್ಕೊಂಡು ಕೂರೋದು. ಹನ್ನೊಂದು ವರ್ಷ. ನಾನು ಕೆಲಸ ತೆಗೆಯಿರಿ ಎಂದು ಬರೆದಿರಲಿಲ್ಲ, ಸೂಕ್ತ ಕ್ರಮ ಎಂದು ಬರೆದಿದ್ದೆ, ಸೂಕ್ತ ಕ್ರಮ ಎಂದರೆ ಏನು ಅಂದುಕೊಂಡಿದ್ದೆ, ಈಗ ಹೇಳಿಬಿಡು, ಇನ್ನೂ ಇವತ್ತು ಮುಗಿದಿಲ್ಲ, ಅದನ್ನು ಬೀಳಿಸಿದವನು ನಾನು, ಮೂರೇ ಪದ, ಹೇಳಿದರೆ ಈ ಕ್ಯಾಮೆರಾ ಡಬ್ಬಕ್ಕೆ ವಾಪಸ್ ಹೋಗುತ್ತೆ, ಅವಳು ಕುರ್ಚಿಗೆ ವಾಪಸ್ ಬರುತ್ತಾಳೆ, ಹೋದರೆ ಹೋಗಲಿ ಕ್ಯಾಮೆರಾ, ಆದರೆ ಡಾಕ್ಟರ್ ಹೀಗೆ ಮಾಡಿದರಂತೆ ಎಂದು ಇವನು ನಾಳೆ ಯಾರಿಗೆ ಹೇಳುತ್ತಾನೆ, ಅವರು ಯಾರಿಗೆ — ಗಾಜಿನ ಬಾಗಿಲು ತೆರೆಯಿತು, ಅವಳೇ ಬರುತ್ತಿದ್ದಾಳೆ, ಕೈಯಲ್ಲಿ ಒಂದು ಸಣ್ಣ ಕವರು, ನಮಸ್ತೆ ಸರ್, ನಿಮ್ಮ ಕಾರ್ಡು, ಕ್ಯಾಮೆರಾ ಒಳಗೇ ಇತ್ತು, ಬಿಚ್ಚಿದಾಗ್ಲೇ ಸಿಕ್ಕಿತ್ತು, ಒಣಗಿಸಿ ನನ್ನ ಡ್ರಾಯರಲ್ಲಿ ಇಟ್ಟಿದ್ದೆ, ನೀವು ಕೋಪದಲ್ಲಿದ್ರಿ, ಫೋನಲ್ಲಿ ಹೇಳೋಕೆ ಧೈರ್ಯ ಬರ್ಲಿಲ್ಲ, ಫೋಟೋ ಎಲ್ಲ ಹೋಯ್ತು ಅಂತ ಎಷ್ಟು ಒದ್ದಾಡಿರ್ತೀರೋ. ಕಾರ್ಡು. ಮನೆಯಲ್ಲಿ ಸಿಗದಿದ್ದಾಗ, ನೀರು ಬಸಿಯುವಾಗ ಕೆರೆಗೆ ಬಿದ್ದಿರಬೇಕು, ಪೀಡೆ ಕಳೆಯಿತು ಎಂದು ನಾನು ಖುಷಿಪಟ್ಟಿದ್ದ ಕಾರ್ಡು, ನೀರಿನಿಂದ ಎತ್ತಿದಾಗಲೂ ಓಡುತ್ತಿದ್ದ ವಿಡಿಯೋವನ್ನು ನಾನೇ ಗುಂಡಿ ಒತ್ತಿ ನಿಲ್ಲಿಸಿದ್ದೆ, ಸೇವ್ ಆಗಿದೆ ಎಂದು ತೋರಿಸಿ ಪರದೆ ಕಪ್ಪಾಗಿತ್ತು, ಇದರೊಳಗೆ ಮಿಂಚುಳ್ಳಿ ಇದೆ, ರೀ ಕಾಲು ಇದೆ, ತಲೆಕೆಳಗಾದ ಆಕಾಶ ಇದೆ, ಟಣ್ ಇದೆ, ನನ್ನ ಬೈಗುಳ ನನ್ನದೇ ದನಿಯಲ್ಲಿ ಇದೆ, ಎರಡು ತಿಂಗಳು ಇವಳ ಡ್ರಾಯರಿನಲ್ಲಿ, ಇವಳ ಮೊಣಕಾಲಿಗೆ ತಾಗುವಷ್ಟು ಹತ್ತಿರದಲ್ಲಿ, ಒಂದು ಸಲ ಕಂಪ್ಯೂಟರಿಗೆ ಹಾಕಿದ್ದರೆ ಸಾಕಿತ್ತು. ಕವರಿನ ಮೇಲೆ ಜಾಬ್ ನಂಬರ್, ತಾರೀಖು, ಅದರ ಕೆಳಗೆ ನೀಲಿ ಶಾಯಿಯಲ್ಲಿ ದುಂಡಗೆ, ಗ್ರಾಹಕರ ಕಾರ್ಡ್, ತೆರೆದು ನೋಡಿಲ್ಲ.

ತೆರೆದು ನೋಡಿಲ್ಲ. ಕಸ್ಟಮರ್ ಫೋಟೋ ನಾವು ನೋಡೋ ಹಾಗಿಲ್ಲ ಅಲ್ವಾ ಸರ್, ಅಂದಳು, ಅದಕ್ಕೇ ಬರೆದಿಟ್ಟೆ. ಈ ಸಲ ಬರೆದಿದ್ದಾಳೆ, ಕಾಲಂ ಬಿಟ್ಟಿಲ್ಲ. ಹೇಳು, ಈಗ ಹೇಳು, ಬಾಯಿ ತೆರೆ, ದಿನಕ್ಕೆ ಮೂವತ್ತು ಜನಕ್ಕೆ ಬಾಯಿ ತೆರೀರಿ ಅನ್ನುತ್ತೀಯಲ್ಲ, ತೆರೆದೆ, ಮೂರೇ ಪದ, ನಾಲಿಗೆ ಎದ್ದಿತು — ಈ ಪೆನ್ನು ಬರೀತಿಲ್ಲ, ಅಂದಿತು ಬಾಯಿ. ಅಯ್ಯೋ ತಗೊಳ್ಳಿ ಸರ್, ಎಂದು ಅವಳೇ ತನ್ನ ಪೆನ್ನಿನ ಮುಚ್ಚಳ ತೆಗೆದು ಕೊಟ್ಟಳು, ಬೆಚ್ಚಗಿತ್ತು, ಮ್ಯಾನೇಜರ್ ಬೆರಳಿಟ್ಟು ಜಾಗ ತೋರಿಸಿದ, ಅವಳ ಪೆನ್ನು ಎಲ್ಲಿಯೂ ತಡೆಯಲಿಲ್ಲ, ಡಾಕ್ಟರ್ ಎಂದು ಶುರುವಾಗಿ ನನ್ನ ಪೂರ್ತಿ ಹೆಸರು ಬಂತು, ನೀಲಿ, ಕವರಿನ ಮೇಲಿರುವ ಅದೇ ನೀಲಿ, ತೆರೆದು ನೋಡಿಲ್ಲ, ಅದರ ಪಕ್ಕದಲ್ಲಿ ನನ್ನ ಹೆಸರು, ತೆರೆದು ನೋಡಿಲ್ಲ, ನನ್ನ ಹೆಸರು, ಒಂದೇ ನೀಲಿ,